ದೇವರ ಪಾಲು, ಬಾಯಿ ಪಾಲು

ಮೊನ್ನೆ ರವಿವಾರ ಹಿತ್ತಲಿನ ಗುಲಾಬಿಯ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಕಂಡವು. ಅಂಗಡಿಗೆ ಹೋಗಿ ಔಷಧದ ಬಾಟಲಿ ತಂದೆ. ಬಾವಿಕಟ್ಟೆಯ ಮೇಲೆ ಕುಳಿತು, ಬಾಟಲಿಯನ್ನು ಬಿಸಿಲಿಗೆ ಹಿಡಿದು, ಅದರ ಹೊಟ್ಟೆಗೆ ಅಂಟಿಸಿದ ಚೀಟಿಯನ್ನು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಿಡಿದು ಇನ್ನೊಮ್ಮೆ ಓದಿದೆ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು.

“ಯಾರಿಗೆ ಓದಿ ಹೇಳ್ಲಿಕ್ಕತ್ತೀರಿ? ಅಲ್ಲೆ ಯಾರೂ ಇಲ್ಲಲ್ಲ!”

ಹೌದು, ಯಾರೂ ಇರಲಿಲ್ಲ. ಕೇಳಬೇಕಾದವರು ಹೋದ ಶ್ರಾವಣದಲ್ಲಿ ತಿಳವಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆದರೆ ಹದಿನಾರು ವರ್ಷ ಒಬ್ಬ ಮನುಷ್ಯನಿಗೆ ಎರಡೆರಡು ಸಲ ಓದಿ ಹೇಳಿದ ಬಾಯಿ ಇದು. ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

ನಾವೆಲ್ಲ ಅವರನ್ನು ಮಾಲಿ ಕಾಕಾ ಎನ್ನುತ್ತಿದ್ದೆವು. ಹಾನಗಲ್ಲಿನಲ್ಲಿ ನಮ್ಮದೂ ಸೇರಿ ಐದಾರು ಮನೆಗಳ ಹಿತ್ತಲು ಅವರ ಕೈಯಲ್ಲಿದ್ದವು. ತಿಳವಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ಒಣಗಿದ ಸೋಗೆಯ ಹಾಗೆ ಇದ್ದ ಮನುಷ್ಯ. ಬೆನ್ನಿಗೆ ಪಂಪು ಹೊತ್ತು ಹೊತ್ತು ಎಡಭುಜ ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಬಂದವರೇ ಮಾತಿಲ್ಲ ಕತೆಯಿಲ್ಲ, ನೇರ ಹಿತ್ತಲಿಗೆ ಹೋಗಿ ಗಿಡದ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರು.

“ಮ್ಯಾಲಿಂದ ಹಸರಾಗಿ ಛಲೋನ ಐತಲ್ಲ ಕಾಕಾ” ಎಂದು ನಾನು ಒಮ್ಮೆ ಅಂದಿದ್ದೆ.

“ಮಾರಿ ಎಲ್ಲಾರೂ ತೊಳಕೊಂಡ ಇರ್ತಾರ್ರಿ ಸರ. ಬೆನ್ನ ನೋಡಬೇಕು. ಎಲೀದೂ ಅಷ್ಟ, ಮಂದೀದೂ ಅಷ್ಟ.”

ಅವರಿಗೆ ಓದು ಬರುತ್ತಿರಲಿಲ್ಲ. “ಸಾಲಿ ಕಟ್ಟಿ ಹತ್ತಿದ್ದು ಮಳಿ ಬಂದಾಗ ನಿಲ್ಲಾಕ ಅಷ್ಟ” ಎಂದು ತಾವೇ ನಗುತ್ತಿದ್ದರು. ಆದರೆ ಓದು ಬರದ ಆ ಮನುಷ್ಯ ಚೀಟಿ ಓದಿಸದೆ ಒಂದು ಔಷಧದ ಮುಚ್ಚಳವನ್ನೂ ತೆಗೆದದ್ದನ್ನು ನಾನು ಕಾಣೆ. ಮೊದಲು ಅಂಗಡಿಯವನ ಕಡೆಯಿಂದ ಓದಿಸುವುದು. ಆಮೇಲೆ ಅದೇ ಬಾಟಲಿಯನ್ನು ನಮ್ಮ ಮನೆಗೆ ತಂದು ನನ್ನ ಕಡೆಯಿಂದ ಎರಡು ಸಲ ಓದಿಸುವುದು. ಎಷ್ಟು ನೀರಿಗೆ ಎಷ್ಟು ಔಷಧ, ಯಾವ ಗಿಡಕ್ಕೆ, ಯಾವುದಕ್ಕೆ ಬೇಡ, ಹೊಡೆದ ಮೇಲೆ ಎಷ್ಟು ದಿನ ಕೈ ಹಚ್ಚಬಾರದು, ಮೈಗೆ ತಾಗಿದರೆ ಏನು ಮಾಡಬೇಕು, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಂಗಡಿಯವನ ಓದೂ ನನ್ನ ಓದೂ ತಾಳೆಯಾದರೆ ಮಾತ್ರ ಮುಚ್ಚಳಕ್ಕೆ ಕೈ.

“ಒಬ್ಬರು ಓದಿದ್ರ ಅದು ಸುದ್ದಿ ಆಗತೈತ್ರಿ. ಇಬ್ಬರು ಓದಿದ್ರ ಖರೆ ಆಗತೈತಿ.”

ಒಂದು ದಿನ ನನಗೆ ಬೇಸರ ಬಂತು. ಇರುವೆ ಸಾಲಿನಂಥ ಅಕ್ಷರಗಳು, ಕಣ್ಣು ನೋಯುತ್ತಿತ್ತು. “ಇಷ್ಟ ಸಣ್ಣ ಅಕ್ಷರ ಯಾರು ಓದಬೇಕೋ ಮಾರಾಯಾ” ಎಂದು ಗೊಣಗಿದೆ. ಕಾಕಾ ಬಾಟಲಿ ಇಸಿದುಕೊಂಡು ಆಕಡೆ ಈಕಡೆ ತಿರುಗಿಸಿದರು.

“ಇಲ್ಲಿ ದೊಡ್ಡದಾಗಿ ಏನ ಬರದಾರ್ರಿ?”

“ಅದು ಕಂಪನಿ ಹೆಸರು.”

“ನೋಡ್ರಿ ಮತ್ತ. ಅವರ ಹೆಸರು ಹಲಗಿ ಅಷ್ಟ ದೊಡ್ಡದು, ನಮ್ಮ ಜೀವಾ ಉಳಿಸೂ ಮಾತು ಸಾಸಿವಿ ಅಷ್ಟ. ಸಾಸಿವಿ ಇದ್ದಲ್ಲೆ ಖಾರ ಇರತೈತಿ ಸರ, ಓದ್ರಿ.”

ಅಂಗಡಿಯವನೂ ಅವರ ಕೈಯಲ್ಲಿ ಬೇಸತ್ತವನೇ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ದುಂಡುಮಲ್ಲಿಗೆಗೆ ಬೂದಿ ರೋಗ ಬಂದಿತ್ತು. ಅಂಗಡಿಯವ, “ಕಾಕಾ, ಚೀಟಿ ಮ್ಯಾಲೆ ಒಂದು ಮುಚ್ಚಳ ಅಂತ ಇದ್ರೂ ನೀ ಎರಡು ಹಾಕು. ಬೂದಿ ಅಡ್ರೆಸ್ ಇಲ್ಲದಂಗ ಹೋಗತೈತಿ” ಅಂದ.

“ನಿನಗ ಡಾಕ್ಟರು ಜ್ವರಕ್ಕ ಒಂದು ಗುಳಿಗಿ ಬರದು ಕೊಟ್ರ ನೀ ಡಬ್ಬೀನ ನುಂಗ್ತಿ ಏನ?”

“ಏ, ನಾ ಮನಶ್ಯಾ, ಅದು ಗಿಡಾ.”

“ಗಿಡಕ್ಕ ಬಾಯಿಲ್ಲ, ವಾಂತಿ ಮಾಡಾಕ ಬರಾಂಗಿಲ್ಲ. ಅದಕ್ಕ ನೀ ಹಿಂಗ ಮಾತಾಡಾಕತ್ತಿ.”

ಔಷಧ ಹೊಡೆಯುವುದು ಅವರ ಮಟ್ಟಿಗೆ ಕಡೆಯ ಮಾತು. ರೋಗದ ಎಲೆ ಕಂಡರೆ ಮೊದಲು ಕತ್ತರಿಸಿ, ಚೀಲಕ್ಕೆ ತುಂಬಿ, ದೂರ ಒಯ್ದು ಹೂಳುವರು. ಕತ್ತರಿಯನ್ನು ಬಿಸಿನೀರಲ್ಲಿ ತೊಳೆಯದೆ ಇನ್ನೊಂದು ಗಿಡಕ್ಕೆ ಹಚ್ಚುತ್ತಿರಲಿಲ್ಲ. ಸಂಜೆ ಹೊತ್ತು ಎಲೆಯ ಮೇಲೆ ನೀರು ಸುರಿಯುವುದು ನನ್ನ ಹೆಂಡತಿಯ ಚಟ. “ತಂಗೀ, ರಾತ್ರಿ ಒದ್ದಿ ಅರಿವಿ ಉಟ್ಕೊಂಡ ಮಲಗ್ತೀರೇನ? ಬೇರಿಗೆ ಹಾಕ್ರಿ, ಮುಂಜಾನೆ ಹಾಕ್ರಿ” ಎಂದು ಅದನ್ನು ಬಿಡಿಸಿದರು. ದಟ್ಟವಾಗಿ ಬೆಳೆದ ಗಿಡಗಳ ನಡುವೆ ಗಾಳಿ ಆಡುವಂತೆ ಟೊಂಗೆ ಸವರುವರು. ಇಷ್ಟಾದರೂ ರೋಗ ಇಳಿಯದಿದ್ದರೆ ಆಗ ಪಂಪು ಕೆಳಗಿಳಿಯುವುದು.

ಆಗ ನೋಡಬೇಕಿತ್ತು ಅವರ ವೇಷ! ತುಂಬುತೋಳಿನ ಅಂಗಿ, ಅದರ ಮೇಲೆ ಹಳೆಯ ರೇನ್‌ಕೋಟು, ಮೊಣಕಾಲ ತನಕ ರಬ್ಬರಿನ ಬೂಟು, ಕೈಗೆ ಗವಸು, ಮೂಗಿಗೆ ಮುಖಗವಸು, ಕಣ್ಣಿಗೆ ವೆಲ್ಡಿಂಗ್ ಅಂಗಡಿಯಿಂದ ತಂದ ಬಿಳಿ ಗಾಜಿನ ಕನ್ನಡಕ. ಓಣಿಯ ಮಂದಿ ಬಿಡುತ್ತಾರೆಯೇ? “ಕಾಕಾ, ಚಂದ್ರನ ಮ್ಯಾಲೆ ಹೊಂಟಿ ಏನ?” ಎಂದು ಕೂಗುವರು.

“ಹೌದಪಾ, ನಿಮ್ಮಪ್ಪ ಹಿಂದ ಬರ್ತೇನಿ ಅಂದಾನ, ಕಳಸು” ಎಂದು ಮುಖಗವಸಿನೊಳಗಿಂದಲೇ ಉತ್ತರ ಬರುತ್ತಿತ್ತು.

ಎದುರುಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರಿದ್ದರು. ಅವರ ಡೇಲಿಯಾ ಗಿಡಗಳಿಗೆ ಕಾಕಾ ಔಷಧ ಹೊಡೆಯಬೇಕಾಗಿತ್ತು. ಕಾಕಾ ಬಂದರು, ನೋಡಿದರು, ಕಟ್ಟೆಯ ಮೇಲೆ ಸುಮ್ಮನೆ ಕುಳಿತರು.

“ಯಾಕೋ ಕುಂತಿ? ಹೊಡಿ!” ಎಂದರು ಮಾಸ್ತರರು, ಕೈಯಲ್ಲಿ ಚಹದ ಬಸಿ ಹಿಡಿದುಕೊಂಡು.

“ಗಾಳಿ ಐತ್ರಿ.”

“ಎಲ್ಲೈತಿ ಗಾಳಿ? ಒಂದ ಎಲಿ ಅಳ್ಳಾಡವಲ್ದು!”

ಕಾಕಾ ತಮ್ಮ ಚೀಲದಿಂದ ಒಂದು ಚಿಟಿಕೆ ಒಲೆಯ ಬೂದಿ ತೆಗೆದು, ಕೈ ಮೇಲೆತ್ತಿ, ಬೆರಳು ಬಿಟ್ಟರು. ಬೂದಿ ಸಾವಕಾಶವಾಗಿ ತೇಲಿಕೊಂಡು ಹೋಗಿ ಮಾಸ್ತರರ ಚಹದ ಮೇಲೆ ಕುಳಿತಿತು.

“ಇದು ಬೂದಿ, ಚಾ ಚೆಲ್ಲಿದ್ರ ಹೋತು. ಔಷಧ ಆಗಿದ್ರ ಕಣ್ಣಿಗೆ ಕಾಣತಿದ್ದಿಲ್ರಿ, ಕುಡದಬಿಡ್ತಿದ್ರಿ” ಎಂದು ಎದ್ದು ಹೋದವರು ಮರುದಿನ ಮುಂಜಾನೆ ಗಾಳಿ ನಿಂತಾಗಲೇ ಬಂದದ್ದು. ಮಾಸ್ತರರು ಮುಂದೆ ವಾರಗಟ್ಟಲೆ ಆ ಕತೆಯನ್ನು ತಾವೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಇಷ್ಟೆಲ್ಲ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಒಂದು ಕತೆ ಹೇಳುತ್ತಿದ್ದರು. ಹೊಸದಾಗಿ ಮದುವೆಯಾದಾಗ ಹೆಂಡತಿಯ ಊರು ಹಂಸಭಾವಿಗೆ ಹೋಗಿದ್ದರಂತೆ. ಮಾವನ ಮೆಣಸಿನ ಗಿಡಗಳಿಗೆ ರೋಗ. ಹೊಸ ಅಳಿಯ ತಾನೆ, ಪೌರುಷ ತೋರಿಸಬೇಕು. ಅಂಗಿ ಕಳಚಿ ಬರಿಮೈಯಲ್ಲಿ ಪಂಪು ಹೊತ್ತರು. ಅರ್ಧ ಹೊಲ ಮುಗಿದ ಮೇಲೆ ಬದುವಿನಲ್ಲಿ ಕುಳಿತು, ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡರು. ಸಂಜೆಗೆ ತುಟಿ ಬಾತು ಬದನೆಕಾಯಿ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಗಾಡಿ ಕಟ್ಟಿ ಹಿರೇಕೆರೂರಿನ ದವಾಖಾನೆಗೆ ಒಯ್ದರಂತೆ. ಬದುಕಿ ಬಂದ ಮೇಲೆ ಅತ್ತೆಮನೆಯ ಹೆಂಗಸರು ಹಾಡು ಕಟ್ಟಿ ಹಾಡಿದರಂತೆ, ನಮ್ಮ ಅಳಿಯ ಹೋಳಿಗೆ ಬಿಟ್ಟು ಔಷಧ ಉಂಡ ಎಂದು.

“ಅವತ್ತ ತುಟಿ ಬಾತಿದ್ದಕ್ಕ ಬುದ್ಧಿ ಬಂತ್ರಿ. ತುಟಿ ಇಳೀತು, ಬುದ್ಧಿ ಇಳೀಲಿಲ್ಲ.”

ಆಮೇಲೆ ಕೆಲವು ವರ್ಷ ಸವಣೂರಿನ ಕಡೆ ಎಲೆಬಳ್ಳಿಯ ತೋಟದಲ್ಲಿ ದುಡಿದರು. ವೀಳ್ಯದೆಲೆ ಬಳ್ಳಿಯಿಂದ ಕಿತ್ತರೆ ನೇರ ಬಾಯಿಗೆ ಹೋಗುವ ವಸ್ತು, ಬೇಯಿಸುವುದಿಲ್ಲ, ಸುಲಿಯುವುದಿಲ್ಲ. ಅಲ್ಲಿಯೇ ಅವರು ತಮ್ಮ ಆ ದೊಡ್ಡ ಪ್ರಶ್ನೆಯನ್ನು ಕಲಿತದ್ದು. ಯಾವ ಮನೆಗೆ ಹೋಗಲಿ, ಯಾವ ಗಿಡಕ್ಕೆ ಔಷಧ ಹೊಡೆಯುವ ಮಾತು ಬರಲಿ, ಮೊದಲು ಕೇಳುವುದು ಇದನ್ನೇ: “ಇದು ದೇವರ ಪಾಲೋ, ಬಾಯಿ ಪಾಲೋ?”

ಒಂದು ಮನೆಯಲ್ಲಿ ಗುಲಾಬಿ ದೇವರ ತಲೆಗೆ ಏರಿದರೆ ಇನ್ನೊಂದು ಮನೆಯಲ್ಲಿ ಅದರ ಪಕಳೆಗಳಿಂದ ಗುಲ್ಕನ್ ಮಾಡುತ್ತಾರೆ. ದಾಸವಾಳವನ್ನು ಒಬ್ಬರು ಗಣಪತಿಗೆ ಏರಿಸಿದರೆ ಇನ್ನೊಬ್ಬರು ಚಹದ ಹಾಗೆ ಕುದಿಸಿ ಕುಡಿಯುತ್ತಾರೆ. ಗಿಡ ಒಂದೇ ಆದರೂ ಮನೆಮನೆಗೆ ಪಾಲು ಬೇರೆ. ದೇವರ ಪಾಲಿನದಾದರೆ ಚೀಟಿಯಲ್ಲಿ ಹೇಳಿದ ಅಳತೆಯಲ್ಲಿ ಹೊಡೆಯುವರು. ಬಾಯಿ ಪಾಲಿನದಾದರೆ, ತಿನ್ನುವ ಬೆಳೆಗೆ ನಡೆಯುತ್ತದೆ ಎಂದು ಚೀಟಿಯೇ ಹೇಳಬೇಕು, ಇಲ್ಲದಿದ್ದರೆ ಎಲೆ ಪೂರ್ತಿ ಉದುರಿದರೂ ಪಂಪು ಮುಟ್ಟುತ್ತಿರಲಿಲ್ಲ.

ನನ್ನ ಅವ್ವನಿಗೂ ಅವರಿಗೂ ಒಂದು ನಮೂನೆಯ ಸಲುಗೆಯ ಜಗಳ. ಅವ್ವ ಏನನ್ನೂ ಬಿಸಾಡುವವಳಲ್ಲ. ಒಮ್ಮೆ ಖಾಲಿಯಾದ ಔಷಧದ ಬಾಟಲಿ ನೋಡಿ, “ಚಂದ ಅದ. ತೊಳದು ದೀಪದ ಎಣ್ಣಿ ಹಾಕಿಡ್ತೀನಿ, ಕೊಡು” ಎಂದಳು. ಕಾಕಾ ಕುಡುಗೋಲಿನ ತುದಿಯಿಂದ ಬಾಟಲಿಗೆ ಮೂರು ತೂತು ಹೊಡೆದು ಅವ್ವನ ಮುಂದೆ ಇಟ್ಟರು.

“ಈಗ ತುಂಬ್ರಿ ಅವ್ವಾರ, ಏನ ತುಂಬ್ತೀರಿ.”

“ನಿನ್ನ ಕೈಗೆ ಹಾವ ಕಡೀಲಿ! ಎಂಥಾ ಬಾಟ್ಲಿ ಹಾಳ ಮಾಡಿದ್ಯೋ!” ಎಂದು ಅವ್ವ ಬೈದಳು. ಬೈದವಳೇ ಒಳಗೆ ಹೋಗಿ ಅವರಿಗೆ ಅವಲಕ್ಕಿ ಕಲಸಿಕೊಂಡು ಬಂದಳು.

ಇನ್ನು ನಮ್ಮ ಮನೆಯ ತುಳಸಿಯ ಮಾತು. ಇದನ್ನು ಹೇಳಲಿಕ್ಕೆ ನನಗೆ ಇವತ್ತಿಗೂ ಸ್ವಲ್ಪ ನಾಚಿಕೆ.

ನಮ್ಮದು ವೈಷ್ಣವರ ಮನೆ. ತಲೆಮಾರುಗಳ ಕಾಲ ಪಾಠ ಪ್ರವಚನ ಮಾಡಿದವರ ವಂಶ. ನಾನು ಮಾತ್ರ ಬ್ಯಾಂಕಿನಲ್ಲಿ ಕುರ್ಚಿ ಬಿಸಿ ಮಾಡಿದವನು. ಆ ವರ್ಷ ದೀಪಾವಳಿಯ ತನಕ ಮಳೆ ಬಿಡಲಿಲ್ಲ. ಕಾರ್ತಿಕ ಬಂತು, ತುಳಸಿ ಲಗ್ನ ಹತ್ತಿರವಾಯಿತು. ನೋಡಿದರೆ ಕಟ್ಟೆಯ ತುಳಸಿಯ ಎಲೆಗಳೆಲ್ಲ ಹಳದಿ, ಬೆನ್ನಿಗೆ ಬೂದುಬಣ್ಣದ ಬೂಷ್ಟು. ಕಾಕಾ ರೋಗದ ಎಲೆ ತೆಗೆದರು, ಟೊಂಗೆ ಸವರಿದರು, ನೀರು ಕಡಿಮೆ ಮಾಡಿಸಿದರು. ಇಳಿಯಲಿಲ್ಲ. ಅವ್ವ ದಿನಾ ಗಿಡದ ಮುಂದೆ ನಿಂತು, “ಮದಿವಿ ಹುಡುಗಿ ಹಿಂಗ ಆದ್ರ ಹ್ಯಾಂಗೋ” ಎಂದು ಮರುಗುತ್ತಿದ್ದಳು.

ಲಗ್ನಕ್ಕೆ ಐದು ದಿನ ಇರುವಾಗ ಕಾಕಾ ಒಂದು ಬಾಟಲಿ ತಂದು ನನ್ನ ಮುಂದೆ ಹಿಡಿದರು. ನಾನು ಬ್ಯಾಂಕಿಗೆ ಹೊರಡುವ ಅವಸರದಲ್ಲಿದ್ದೆ. ಆದರೂ ಎರಡು ಸಲ ಓದಿದೆ. ಹೂಗಿಡ ಮತ್ತು ಅಲಂಕಾರದ ಗಿಡಗಳಿಗೆ ಮಾತ್ರ, ತಿನ್ನುವ ಗಿಡಗಳಿಗೆ ಬಳಸಬಾರದು ಎಂದಿತ್ತು. ಅದನ್ನೂ ಓದಿದೆ.

“ಹಂಗಾರ ಸರ, ನಿಮ್ಮ ಮನ್ಯಾಗ ತುಳಸಿ ಯಾವ ಪಾಲು?”

“ದೇವರ ಪಾಲು. ಮತ್ತೇನು?” ಎಂದೆ, ಬೂಟಿನ ದಾರ ಕಟ್ಟುತ್ತ.

ತುಳಸಿ ದೇವರದಲ್ಲದೆ ಇನ್ಯಾರದು? ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಬೇರೆ ಮನೆಗಳನ್ನು ಮುಗಿಸಿ ಕಾಕಾ ಬರುವ ಹೊತ್ತಿಗೆ ನಮ್ಮ ಪೂಜೆ ಮುಗಿದಿರುತ್ತಿತ್ತು. ಒಳಗೆ ಏನು ನಡೆಯುತ್ತದೆಂದು ಅವರು ಕಂಡವರಲ್ಲ. ಅವರ ಮನೆಯಲ್ಲಿ ತುಳಸಿಗೆ ಕುಂಕುಮ ಹಚ್ಚಿ, ದೀಪ ಇಟ್ಟು, ಕೈಮುಗಿದರೆ ಮುಗಿಯಿತು, ಎಲೆ ಕೀಳುವುದಿಲ್ಲ.

ಅವರು ಹೊಡೆದರು. ಹೊಡೆದ ಮೇಲೆ ತಮ್ಮ ರೂಢಿಯಂತೆ ಗಿಡಕ್ಕೆ ಕೆಂಪು ಅರಿವೆಯ ಚೂರೊಂದನ್ನು ಕಟ್ಟಿದರು. ಎಷ್ಟು ದಿನ ಮುಟ್ಟಬಾರದೋ ಅದಕ್ಕೆ ಅಷ್ಟು ಗಂಟು. ಬಂದಾಗೆಲ್ಲ ಕಳೆದ ದಿನಗಳ ಗಂಟು ಬಿಚ್ಚುವುದು. ಓದು ಬರದವರ ಪಂಚಾಂಗ ಅದು. “ಅರಿವಿ ಯಾಕ ಕಟ್ಟೇನಿ ಅಂತ ಅವ್ವಾರಿಗೆ ಒಂದ ಮಾತ ಹೇಳಿಬಿಡ್ರಿ ಸರ” ಎಂದರು. ಹೂಂ ಎಂದೆ. ಸ್ಕೂಟರಿಗೆ ಒದೆ ಕೊಟ್ಟೆ. ಓಣಿಯ ತಿರುವು ದಾಟುವಷ್ಟರಲ್ಲಿ ಮರೆತೆ.

ಮಧ್ಯಾಹ್ನ ಅವ್ವ ಹಿತ್ತಲಿಗೆ ಬಂದಳು. ತುಳಸಿಗೆ ಕೆಂಪು ಅರಿವೆ, ಅದರ ತುಂಬ ಗಂಟು! ಲಗ್ನಕ್ಕೆ ಮೊದಲೇ ಮಾಲಿ ತುಳಸಿಗೆ ಕುಪ್ಪಸದ ಖಣ ಏರಿಸಿದ್ದಾನೆ, ಹರಕೆಯ ಗಂಟು ಬೇರೆ ಹಾಕಿದ್ದಾನೆ ಎಂದು ಅವಳ ಕಣ್ಣು ತುಂಬಿ ಬಂದವಂತೆ. ಅರಿಷಿಣ ಕುಂಕುಮ ತಂದು ಆ ಅರಿವೆಗೇ ಏರಿಸಿದಳು. ಗಿಡ ಚೇತರಿಸಿಕೊಳ್ಳಲೆಂದು ಏಕಾದಶಿಯ ತನಕ ಮೊದಲೇ ಕಿತ್ತಿಟ್ಟ ತುಳಸಿಯಲ್ಲೇ ಪೂಜೆ ಸಾಗಿಸಿದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ದ್ವಾದಶಿಯ ದಿನ ತುಳಸಿ ಕೀಳುವಂತಿಲ್ಲ. ಅದಕ್ಕೇ ಏಕಾದಶಿಯ ಮುಂಜಾನೆ ಅವ್ವ ಮರುದಿನಕ್ಕೂ ಸಾಕಾಗುವಷ್ಟು ಕುಡಿ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಎಂಬತ್ತೊಂದರ ಮುದುಕಿ, ಏಕಾದಶಿಯೆಂದರೆ ಹನಿ ನೀರೂ ಇಲ್ಲ. ಮರುದಿನ ಏಳೂವರೆಯೊಳಗೆ ಪಾರಣೆ ಮುಗಿಯಬೇಕು. ಉಪವಾಸ ಬಿಡುವುದು ತೀರ್ಥದಿಂದ. ಶಿಗ್ಗಾಂವಿಯಿಂದ ನನ್ನ ಸೋದರಮಾವ ಬಂದಿದ್ದರು, ಸಂಸ್ಕೃತ ಕಲಿಸಿ ನಿವೃತ್ತರಾದವರು, ಮಾತು ಕಡ್ಡಿ ಮುರಿದಂತೆ. ಅವರೇ ಪೂಜೆ ಮಾಡಿದರು. ಸಾಲಿಗ್ರಾಮಕ್ಕೆ ಅಭಿಷೇಕವಾಯಿತು, ತೀರ್ಥಕ್ಕೆ ತುಳಸಿ ಬಿತ್ತು, ನೈವೇದ್ಯವಾಯಿತು. ಏಳು ಗಂಟೆಯ ಸುಮಾರಿಗೆ ನಾವೆಲ್ಲ ಸಾಲಾಗಿ ನಿಂತೆವು. ಅವ್ವ ಮೊದಲಿಗಳು, ಅಂಗೈ ಬಟ್ಟಲು ಮಾಡಿ ಮುಂದೆ ಚಾಚಿದಳು.

“ಕುಡೀಬ್ಯಾಡ್ರಿ!”

ಕಾಕಾ. ಸಂಜೆಯ ತುಳಸಿ ಲಗ್ನದ ಮಂಟಪಕ್ಕೆ ಕಬ್ಬು ತರಲು ಅವ್ವನೇ ಅವರಿಗೆ ಹೇಳಿದ್ದಳು. ಮೊದಲ ಬಸ್ಸಿಗೆ ತಂದು, ಹಿತ್ತಲಿನಲ್ಲಿ ಇಳಿಸುವಾಗ ಕುಡಿ ಚಿವುಟಿದ ತುಳಸಿಯನ್ನು ಕಂಡಿದ್ದಾರೆ. ನನ್ನ ಹೆಂಡತಿಯನ್ನು ಕೇಳಿದ್ದಾರೆ. ತೀರ್ಥಕ್ಕೆ ಎಂದು ಅವಳು ಹೇಳಿದ್ದೇ ತಡ, ಕೆಸರು ಕಾಲಿನಲ್ಲಿ, ನೆತ್ತಿಗೆ ಸುತ್ತಿದ ಟವೆಲಿನಲ್ಲಿ, ಅಡುಗೆಮನೆ ದಾಟಿ ದೇವರಮನೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮಡಿಯ ಹೊತ್ತಿಗೆ ಅಲ್ಲಿ ತನಕ ಬಂದವರು ಇನ್ನೊಬ್ಬರಿಲ್ಲ.

ಮಾವನ ಕೈಯಲ್ಲಿ ತೀರ್ಥ ಹಾಕುವ ಉದ್ಧರಣೆ ಅರ್ಧಕ್ಕೆ ನಿಂತಿತು. “ಏನೋ ಇದು! ಎಲ್ಲಿಗೆ ಬಂದೀಯೋ?”

“ಆಚಾರ್ರ, ಆ ತುಳಸಿಗೆ ನಾ ಔಷಧ ಹೊಡದೇನ್ರಿ. ಈ ಕೈಲೆ ಹೊಡದೇನಿ. ಬಾಯಿಗೆ ಹಾಕಬ್ಯಾಡ್ರಿ.”

“ಅಕಾಲ ಮೃತ್ಯು ದೂರ ಆಗ್ಲಿ ಅಂತ ಕುಡಿಯೋ ನೀರು ಇದು! ಇದಕ್ಕ ವಿಷ ಅಂತೀಯೇನು?”

“ನೀರಿಗೆ ಅಲ್ರಿ, ಎಲಿಗೆ.”

“ಎಲಿ ಎರಡ ಸಲ ತೊಳದದ.”

“ತೊಳದ್ರ ಹೋಗೂ ಹಂಗಿದ್ರ ಮಳಿಗೂ ಹೋಗತಿತ್ರಿ. ಮಳಿಗೆ ಹೋಗಬಾರ್ದು ಅಂತನ ಮಾಡಿರ್ತಾರ ಅದನ್ನ.”

“ಒಂದ ಎಲಿಯಿಂದ ಏನೂ ಆಗೂದಿಲ್ಲ, ಸರಿ ಆಚೆ.”

“ಏನೂ ಆಗೂದಿಲ್ಲ ಅಂತ ಚೀಟಿ ಮ್ಯಾಲೆ ಬರದಿಲ್ರಿ ಆಚಾರ್ರ. ತಿನ್ನೂದಕ್ಕ ಬ್ಯಾಡ ಅಂತ ಬರದೈತಿ. ಸರ ಎರಡ ಸಲ ಓದ್ಯಾರ.”

ಎಲ್ಲರೂ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಿಧಾನವಾಗಿ ಕೇಳಿದಳು.

“ಹೌದೇನೋ? ಮತ್ತ ಅವಗ ನೀ ಏನ ಹೇಳಿದಿ?”

“ದೇವರ ಪಾಲು ಅಂದೆ ಅವ್ವಾ.”

“ನಮ್ಮ ಮನ್ಯಾಗ ದೇವರ ಪಾಲು ಯಾರ ಹೊಟ್ಟಿಗೆ ಹೋಗ್ತದೋ? ಇಷ್ಟ ವರ್ಷ ನೀ ಉಂಡದ್ದು ಏನ ಹಂಗಾರ?” ಎಂದವಳು ಕಾಕಾನ ಕಡೆ ತಿರುಗಿದಳು. “ಮತ್ತ ಆ ಕೆಂಪು ಅರಿವಿ?”

“ಮುಟ್ಟಬ್ಯಾಡ್ರಿ ಅಂತ ಕಟ್ಟಿದ್ದು ಅವ್ವಾರ.”

“ಅಯ್ಯ ನಿನ್ನ! ನಾ ಖಣ ಅಂತ ತಿಳಕೊಂಡು ಕುಂಕುಮ ಹಚ್ಚೀನಲ್ಲೋ!”

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನೊಬ್ಬರು ನಗಲಿಲ್ಲ. “ಅಕ್ಕಾ, ಹೊತ್ತು ಮೀರತದ. ಇವತ್ತ ಹೊಸಾ ತುಳಸಿ ಕೀಳ್ಲಿಕ್ಕೆ ಬರೂದಿಲ್ಲ. ತುಳಸಿ ಇಲ್ಲದ ತೀರ್ಥ ಹ್ಯಾಂಗ? ನೀ ನಿನ್ನೆಯಿಂದ ಗುಟುಕು ನೀರು ಕುಡದಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಾಗಿತ್ತು. ಅವ್ವನ ತುಟಿ ಒಣಗಿ ಬಿರಿದಿದ್ದವು. ಹೋದ ವರ್ಷ ಇಂಥದೇ ಏಕಾದಶಿಯ ಮರುದಿನ ಅವಳು ತಲೆತಿರುಗಿ ಬಿದ್ದಿದ್ದಳು.

“ಇದನ್ನ ಕುಡಿಯೂದಿಲ್ಲ” ಎಂದಳು ಅವ್ವ. “ಅಂವ ಬ್ಯಾಡ ಅಂದಾನ. ಹೊತ್ತು ಮೀರಿದ್ರ ನಾಳಿ ತನಕ ಹಿಂಗ ಇರ್ತೀನಿ.” ಹಾಗೆಂದು ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವ್ವನ ಹಟ ಬಲ್ಲವರು ಆ ಮೇಲೆ ಮಾತಾಡುವುದಿಲ್ಲ.

ಕಾಕಾ ಮಾತ್ರ ಮಾತಾಡಿದರು. “ಸರ, ಗಾಡಿ ತಗೀರಿ.”

ಹಳೆಯ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ನಮ್ಮವರೇ ಒಬ್ಬರು ಅಜ್ಜಿ ಇದ್ದರು. ಅವರ ಹಿತ್ತಲೂ ಕಾಕಾನ ಕೈಯಲ್ಲಿತ್ತು. ದಮ್ಮಿನ ಬೇನೆಗೆ ಅವರು ದಿನಾ ತುಳಸಿಯ ಕಷಾಯ ಕುಡಿಯುವವರು. ಹೀಗಾಗಿ ಆ ತುಳಸಿ ಬಾಯಿ ಪಾಲಿನದು. ಅದಕ್ಕೆ ಒಂದು ಹನಿ ಔಷಧವೂ ಬಿದ್ದಿರಲಿಲ್ಲ. ಅವರೂ ಏಕಾದಶಿಯಂದೇ ಕಿತ್ತಿಟ್ಟಿರುತ್ತಾರೆ. ಮಡಿಪಂಚೆ ಉಟ್ಟುಕೊಂಡು, ಬರಿಮೈಗೆ ಶಲ್ಯ ಹೊದ್ದು, ಹಿಂದೆ ಕೆಸರುಗಾಲಿನ ಕಾಕಾನನ್ನು ಕೂರಿಸಿಕೊಂಡು ನಾನು ಹಾನಗಲ್ಲಿನ ಪೇಟೆಯಲ್ಲಿ ಸ್ಕೂಟರು ಓಡಿಸಿದೆ. ಹಾಲಿನವನು ಸೈಕಲ್ಲು ನಿಲ್ಲಿಸಿ ನೋಡಿದ.

ಅರ್ಧ ದಾರಿಯಲ್ಲಿ ಕಿವಿಯ ಹತ್ತಿರ ಕಾಕಾನ ದನಿ ಬಂತು. ಬೈಗುಳವಲ್ಲ, ಎಲೆಗೆ ಹತ್ತಿದ ರೋಗದ ಹೆಸರು ಹೇಳಿದ ಹಾಗೆ.

“ಸರ, ನೀವು ಚೀಟಿ ಛಲೋ ಓದ್ತೀರಿ. ಮನಿ ಓದಾಕ ಬರಾಂಗಿಲ್ಲ ನಿಮಗ.”

ಗಾಡಿ ಜೋರು ಮಾಡಿದೆ.

ಅಜ್ಜಿ ಸುದ್ದಿ ಕೇಳಿ, ಒಂದೂ ಪ್ರಶ್ನೆ ಕೇಳದೆ, ತಮ್ಮ ತುಳಸಿಯಲ್ಲಿ ಅರ್ಧವನ್ನು ಬಾಳೆಲೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗಿತ್ತರು. ನಾವು ಮರಳಿದಾಗ ಗಡಿಯಾರ ಏಳೂಕಾಲು ದಾಟಿತ್ತು. ಅಷ್ಟರಲ್ಲಿ ಆ ತುಳಸಿ ಬಿದ್ದಿದ್ದ ನೈವೇದ್ಯದ ಬಟ್ಟಲುಗಳನ್ನು ಹೆಂಡತಿ ಬದಿಗೆ ಸರಿಸಿ, ಒಲೆಯ ಮೇಲಿನ ಪಾತ್ರೆಗಳಿಂದ ಬೇರೆ ಬಡಿಸಿಟ್ಟಿದ್ದಳು. ಮಾವ ಮತ್ತೆ ಕೈ ತೊಳೆದು, ಸಾಲಿಗ್ರಾಮಕ್ಕೆ ಹೊಸದಾಗಿ ನೀರೆರೆದು ಕಾಯುತ್ತಿದ್ದರು. ನನ್ನ ಕೈಯಿಂದ ತುಳಸಿ ಇಸಿದುಕೊಂಡವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದಕ್ಕೂ ಹೊಡದಿಲ್ಲ ಅಂತ ಏನ ಖಾತ್ರಿ?”

“ಹೊಡದಿಲ್ರಿ ಆಚಾರ್ರ” ಎಂದರು ಕಾಕಾ, ಹೊಸ್ತಿಲ ಆಚೆಯಿಂದ.

“ನಿನ್ನೆ ಇವರ ಮನೀದೂ ಎಲ್ಲಾ ಸರಿ ಅದ ಅಂತನ ತಿಳಕೊಂಡಿದ್ವಿ. ಬರೇ ಮಾತಿಲೆ ಹೇಳಿದ್ರ ಆತೇನು?”

ಕಾಕಾ ಹೊಸ್ತಿಲಿಗೆ ಒಂದು ಹೆಜ್ಜೆ ಹತ್ತಿರ ಬಂದರು. “ಹಂಗಾರ ಮೊದಲ ನಾ ಕುಡೀತೇನ್ರಿ. ಆಮ್ಯಾಲೆ ನೀವು ಕುಡೀರಿ.”

ನಮ್ಮ ಮನೆಯಲ್ಲಿ ತೀರ್ಥಕ್ಕೆ ಒಂದು ಸಾಲಿದೆ. ಮನೆಯ ಹಿರಿಯರು, ಪೂಜೆ ಮಾಡಿದವರು, ಕಿರಿಯರು, ಮಕ್ಕಳು. ಹೊಸ್ತಿಲ ಆಚೆ ನಿಂತವರಿಗೆ ಎಲ್ಲರದೂ ಆದ ಮೇಲೆ. ನಾನು ಹುಟ್ಟಿದಾಗಿನಿಂದ ಆ ಸಾಲು ತಪ್ಪಿದ್ದಿಲ್ಲ, ನನ್ನ ಅಜ್ಜನ ಕಾಲದಲ್ಲೂ ತಪ್ಪಿರಲಿಕ್ಕಿಲ್ಲ. ಮಾವ ಅಕ್ಕನ ಮುಖ ನೋಡಿದರು.

ಅವ್ವ ಗೋಡೆ ಹಿಡಿದು ಎದ್ದಳು. ತಮ್ಮನ ಕೈಯಿಂದ ತುಳಸಿ ತೆಗೆದುಕೊಂಡು ತೀರ್ಥದ ಬಟ್ಟಲಿಗೆ ತಾನೇ ಹಾಕಿದಳು. ಬಟ್ಟಲು, ಉದ್ಧರಣೆ ಎರಡನ್ನೂ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಹೊಸ್ತಿಲಿಗೆ ಬಂದಳು.

“ಹಿಡಿ ಕೈ.”

ಕಾಕಾ ಕೈ ಮುಂದೆ ತಂದವರು ಅದನ್ನೊಮ್ಮೆ ನೋಡಿಕೊಂಡರು. “ತಡೀರಿ ಅವ್ವಾರ” ಎಂದು ಹಿತ್ತಲಿನ ನಳದ ಹತ್ತಿರ ಹೋದರು. ಸಾಬೂನು ಹಚ್ಚಿ ಮೊಣಕೈ ತನಕ ತೊಳೆದರು. ಮತ್ತೊಮ್ಮೆ ಹಚ್ಚಿ ತೊಳೆದರು. ಮಾವ ಗಡಿಯಾರ ನೋಡುತ್ತಿದ್ದರು. ಅವ್ವ ಹೊಸ್ತಿಲಲ್ಲಿ ಅಲುಗದೆ ನಿಂತಿದ್ದಳು. ಕಾಕಾ ಬಂದು, ಬಗ್ಗಿ, ಅಂಗೈ ಚಾಚಿದರು. ಅವ್ವ ಒಂದು ಉದ್ಧರಣೆ ತೀರ್ಥ ಹಾಕಿದಳು, ಎಲೆಯೂ ಜೊತೆಗೆ ಬಿತ್ತು. ಕಾಕಾ ಕುಡಿದರು. ಎಲೆಯನ್ನು ನುಂಗಿಬಿಡಲಿಲ್ಲ, ಮುಂದಿನ ಹಲ್ಲಿನಿಂದ ಸಾವಕಾಶವಾಗಿ ಅಗಿದು, ರುಚಿ ನೋಡಿ, ಆಮೇಲೆ ನುಂಗಿದರು. ಉಳಿದ ತೇವವನ್ನು ನೆತ್ತಿಗೆ ಒರೆಸಿಕೊಂಡರು.

“ಆತ್ರಿ ಅವ್ವಾರ. ಈಗ ತಗೋರಿ.”

ಅವ್ವ ಸಾಲಿಗೆ ಮರಳಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ, ಅವರ ಎದುರಿಗೇ ನಿಂತು, ತನ್ನ ಅಂಗೈಗೆ ತಾನೇ ತೀರ್ಥ ಹಾಕಿಕೊಂಡು ಕುಡಿದಳು.